ಶಾಹೀನ್ ಡೇಗೆಯ ಗೂಡು ನೋಡೋದು ಹೇಗೆ: ಗಂಗಾವತಿ ಕಡೆಯ ಗುಡ್ಡದ ಕೆಳಗೆ ಕೂತು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ನೋಡುವ ಗುಡ್ಡ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಗಂಗಾವತಿ ಕಡೆ ಇದೆ, ಕೆಳಗೆ ಭತ್ತದ ಗದ್ದೆ ಇದೆ, ಅಷ್ಟು ಸಾಕು. ಜಾಗ ಹೇಳಿದರೆ ಮುಂದಿನ ಭಾನುವಾರವೇ ಹತ್ತು ಕ್ಯಾಮೆರಾ ಬರುತ್ತವೆ, ಆ ಹತ್ತರಲ್ಲಿ ಒಬ್ಬನಾದರೂ ಬಂಡೆ ಹತ್ತುತ್ತಾನೆ. ಹೆಂಗೆ ಗೊತ್ತು ಅಂದರೆ, ಮೊದಲ ವರ್ಷ ಹತ್ತಿದವನು ನಾನೇ. ಆ ಕಥೆ ಆಮೇಲೆ.

ಇದು ಗೂಡಿನ ಹತ್ತಿರ ಹೋಗುವುದು ಹೇಗೆ ಅಂತ ಹೇಳುವ ಬರಹ ಅಲ್ಲ. ದೂರ ಕೂತು ಜಾಸ್ತಿ ನೋಡುವುದು ಹೇಗೆ ಅಂತ ಹೇಳುವುದು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದಲು ಹಕ್ಕಿ ಯಾವುದು ಅಂತ ಗೊತ್ತಿರಲಿ

ಪೆರೆಗ್ರಿನ್ ಫಾಲ್ಕನ್ ಹೆಸರು ಕೇಳಿರುತ್ತೀರಿ. ಮೇಲಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟುವ ಹಕ್ಕಿ. ಅದರ ನಮ್ಮ ಕಡೆಯ ಉಪಜಾತಿ ಶಾಹೀನ್. ವರ್ಷಪೂರ್ತಿ ಇಲ್ಲೇ ಇರುತ್ತದೆ, ಇಲ್ಲೇ ಮರಿ ಮಾಡುತ್ತದೆ. ಇದರ ವೈಜ್ಞಾನಿಕ ಹೆಸರಿನಲ್ಲಿ ‘ಪೆರೆಗ್ರಿನೇಟರ್’ ಅಂತಿದೆ, ಅಂದರೆ ಅಲೆಮಾರಿ. ಸ್ವೀಡನ್ನಿನ ಕಾರ್ಲ್ ಸುಂಡೆವಾಲ್ 1837ರಲ್ಲಿ ಇದಕ್ಕೆ ಹೆಸರಿಟ್ಟದ್ದು ಸಮುದ್ರದ ಮಧ್ಯೆ ಹಡಗಿನಲ್ಲಿ ಸಿಕ್ಕ ಒಂದು ಹಕ್ಕಿಯನ್ನು ನೋಡಿ. ಊರು ಬಿಟ್ಟು ಹೋಗದ ಹಕ್ಕಿಗೆ ಅಲೆಮಾರಿ ಅನ್ನೋ ಹೆಸರು ಅಂಟಿಕೊಂಡಿತು, ನಗು ಬರುತ್ತದೆ ಅಲ್ವಾ.

ನಮ್ಮ ಹಳೆಯ ಮಾತಿನಲ್ಲಿ ಇಂಥ ಬೇಟೆ ಹಕ್ಕಿಗಳಿಗೆ ಡೇಗೆ ಅನ್ನುತ್ತಿದ್ದರು, ಸಾಳುವ ಅಂತಲೂ ಇತ್ತು. ವಿಜಯನಗರದ ಸಾಳುವ ನರಸಿಂಹ ಇದ್ದನಲ್ಲ, 1485ರಲ್ಲಿ ಪಟ್ಟಕ್ಕೆ ಬಂದವನು, ಆ ವಂಶದ ಹೆಸರು ಬಂದದ್ದು ಈ ಮಾತಿನಿಂದಲೇ. ಈಗ ಕುರಿ ಕಾಯುವವರನ್ನು ಕೇಳಿದರೆ ಎಲ್ಲದಕ್ಕೂ ಗಿಡುಗ, ಇಲ್ಲವೇ ಹದ್ದು. ಅದರಿಂದ ತೊಂದರೆ ಏನಿಲ್ಲ, ‘ಪಾರಿವಾಳ ಹೊಡಿಯೂ ಗಿಡುಗ’ ಅಂತ ಕೇಳಿ, ಕೈ ಮಾಡಿ ತೋರಿಸುತ್ತಾರೆ.

ಗುರುತು ಹೀಗೆ. ತಲೆ ಪೂರ್ತಿ ಕಪ್ಪು, ಹೆಲ್ಮೆಟ್ ಹಾಕಿಕೊಂಡ ಹಾಗೆ. ಕಣ್ಣಿನ ಕೆಳಗೆ ಇಳಿಯುವ ಮೀಸೆ ಅಗಲವಾಗಿದ್ದು ಆ ಕಪ್ಪಿನ ಜೊತೆಗೇ ಸೇರಿಹೋಗಿರುತ್ತದೆ. ಗಂಟಲು ಬಿಳಿ. ಹೊಟ್ಟೆ ಇಟ್ಟಿಗೆ ಬಣ್ಣದ ಕಡೆಗೆ ವಾಲಿದ ಕೆಂಚು. ಬೆನ್ನು ಕಡುಬೂದು. ಗಾತ್ರ ಕಾಗೆಯಷ್ಟೇ, ಆದರೆ ಎದೆ ದಪ್ಪ. ಕೂತಾಗ ರೆಕ್ಕೆಯ ತುದಿ ಬಾಲದ ತುದಿಯ ತನಕ ಬರುತ್ತದೆ. ಹೆಣ್ಣು ಗಂಡಿಗಿಂತ ಎದ್ದು ಕಾಣುವಷ್ಟು ದೊಡ್ಡದು, ಜೋಡಿ ಒಟ್ಟಿಗೆ ಕೂತಾಗ ಯಾರು ಯಾರು ಅಂತ ಅನುಮಾನವೇ ಬರುವುದಿಲ್ಲ.

ಮೋಸ ಹೋಗುವುದು ಮೂರು ಕಡೆ. ಲಗ್ಗರ್ ಡೇಗೆ ಇದೇ ಬಯಲಿನಲ್ಲಿ ಇರುತ್ತದೆ, ಆದರೆ ಅದು ಕಂದು ಬಣ್ಣ, ಮೀಸೆ ಸಣ್ಣ ಗೆರೆ, ಎದೆ ಬೆಳ್ಳಗೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವುದು ಕೆಸ್ಟ್ರೆಲ್, ಅದು ಸಣ್ಣದು. ಮೂರನೆಯದು ಚಳಿಗಾಲಕ್ಕೆ ಉತ್ತರದಿಂದ ಬರುವ ಇನ್ನೊಂದು ಪೆರೆಗ್ರಿನ್, ಇದರಲ್ಲಿ ಒಳ್ಳೊಳ್ಳೆಯವರು ಎಡವುತ್ತಾರೆ. ಅದರ ಹೊಟ್ಟೆ ಬಿಳಿ, ಮೇಲೆ ಅಡ್ಡ ಗೆರೆ, ಮೀಸೆ ಬೇರೆಯಾಗಿ ಕಾಣುತ್ತದೆ. ಕೆರೆ, ಡ್ಯಾಮಿನ ಹಿನ್ನೀರು, ಹೈಟೆನ್ಷನ್ ಕಂಬ, ಇಂಥ ಕಡೆ ಸಿಗುತ್ತದೆ. ಇಲ್ಲಿ ಗೂಡು ಮಾಡುವುದಿಲ್ಲ. ಮುನಿರಾಬಾದಿನ ನೀರಿನ ಹತ್ತಿರ ಜನವರಿಯಲ್ಲಿ ಅದನ್ನು ನೋಡಿ, ಗೂಡು ಹುಡುಕುತ್ತಾ ಎರಡು ವಾರ ಸುತ್ತಿದ ಗೆಳೆಯ ಒಬ್ಬ ಇದ್ದಾನೆ ನನಗೆ.

ಕಾನೂನು ಚಿಕ್ಕದು, ಆದರೆ ಓದಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹಕ್ಕಿ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಆ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ. ‘ನಾನು ಸುಮ್ನೆ ಫೋಟೋ ತೆಗೆದೆ ಸಾರ್’ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ನಮ್ಮ ಗುಡ್ಡಗಳು ಎಷ್ಟೋ ಕಡೆ ಅರಣ್ಯ ಇಲಾಖೆಯವು, ಕೆಲವು ಕಡೆ ಪುರಾತತ್ವ ಇಲಾಖೆಯವು, ಕೆಳಗಿನ ಹೊಲ ಯಾರದೋ. ಅರಣ್ಯದ ಜಾಗವಾದರೆ ವಲಯ ಕಚೇರಿಗೆ ಹೋಗಿ ಏನು ಮಾಡುತ್ತೀರಿ ಅಂತ ಬರೆದು ಕೊಡಿ. ಹೊಲದ ಯಜಮಾನರನ್ನು ಒಮ್ಮೆ ಮಾತಾಡಿಸಿ. ಬೆಳಗಿನ ಜಾವ ದುರ್ಬೀನು ಹಿಡಿದು ಹೊಲದ ಬದುವಿನಲ್ಲಿ ಕೂತವನನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ನಿಧಿ ತೆಗೆಯುವವರ ಕಾಟ ಇರುವ ಸೀಮೆ ನಮ್ಮದು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ, ಅಂಥ ಎತ್ತರದ ಕಟ್ಟಡಗಳ ಮೇಲೂ ಪೆರೆಗ್ರಿನ್‌ಗಳು ಕೂರಬಹುದು, ಆದರೆ ಅಲ್ಲಿ ಗೇಟಿನ ಹತ್ತಿರ ಕ್ಯಾಮೆರಾ ಎತ್ತಬೇಡಿ. ಡ್ರೋನ್ ಎಲ್ಲೂ ಬೇಡ. ಗೂಡಿನ ಹಕ್ಕಿಗೆ ಅದು ಇನ್ನೊಂದು ಬೇಟೆ ಹಕ್ಕಿ ಇದ್ದ ಹಾಗೆ, ಮೈಮೇಲೆ ಬರುತ್ತದೆ, ಫ್ಯಾನಿಗೆ ಸಿಕ್ಕರೆ ಅಲ್ಲಿಗೆ ಮುಗಿಯಿತು.

ಯಾವಾಗ ಹೋಗಬೇಕು

ನಮ್ಮ ಕಡೆ ಲೆಕ್ಕ ಸುಮಾರಾಗಿ ಡಿಸೆಂಬರಿನಿಂದ ಏಪ್ರಿಲ್ ತನಕ. ಡಿಸೆಂಬರ್, ಜನವರಿಯಲ್ಲಿ ಜೋಡಿ ಬಂಡೆಯ ಸುತ್ತ ಆಟ ಆಡುತ್ತವೆ, ಕೂಗು ಜಾಸ್ತಿ, ಹುಡುಕುವುದಕ್ಕೆ ಇದೇ ಸರಿಯಾದ ಹೊತ್ತು. ಫೆಬ್ರುವರಿಯ ಮೊದಲ ವಾರ ಮೊಟ್ಟೆ ಇಟ್ಟರೆ ಅಂತ ಇಟ್ಟುಕೊಳ್ಳಿ. ಮೊಟ್ಟೆ 3 ಅಥವಾ 4, ಸುಮಾರು ಎರಡು ದಿನಕ್ಕೊಂದು. ಕಾವು 29ರಿಂದ 33 ದಿನ. ಅಂದರೆ ಮಾರ್ಚ್ ಮೊದಲಿಗೆ ಮರಿ. ಅಲ್ಲಿಂದ ಆರು ವಾರ ದಾಟಿದ ಮೇಲೆ ಹಾರಾಟ, ಏಪ್ರಿಲ್ ಮಧ್ಯ ಅಥವಾ ಕೊನೆ. ಹಾರಿದ ಮೇಲೂ ಒಂದೆರಡು ತಿಂಗಳು ಅಪ್ಪ ಅಮ್ಮನ ಹತ್ತಿರವೇ ತಿನ್ನುತ್ತವೆ. ಪ್ರತಿ ಜೋಡಿಗೂ ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ, ಹಾಗಾಗಿ ಕ್ಯಾಲೆಂಡರ್ ನಂಬಿ ಹೋಗಬೇಡಿ, ಹಕ್ಕಿ ಏನು ಮಾಡುತ್ತಿದೆ ಅಂತ ನೋಡಿ.

ಈ ಕಾಲಕ್ಕೇ ಯಾಕೆ ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ಬಿಳಿಜೋಳದ ತೆನೆಗೆ ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಇಳಿಯುತ್ತವೆ, ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳ ಸುತ್ತ ಪಾರಿವಾಳಕ್ಕೆ ಬರವೇ ಇಲ್ಲ, ಗಿಳಿ, ಬೆಳವ, ಬಾನಾಡಿ ಎಲ್ಲಾ ಇವೆ. ಮರಿಗೆ ಹೊಟ್ಟೆ ತುಂಬ ಹಾಕುವಷ್ಟು ಅನ್ನ ಗಾಳಿಯಲ್ಲೇ ತಿರುಗುತ್ತಿರುತ್ತದೆ.

ದಿನದ ಹೊತ್ತು ಕೇಳಿದರೆ ಬೆಳಗ್ಗೆ, ಬೆಳಗ್ಗೆ, ಬೆಳಗ್ಗೆ. ಸೂರ್ಯ ಹುಟ್ಟುವ ಮೊದಲೇ ಕೂತಿರಬೇಕು. ಮಾರ್ಚಿನಲ್ಲಿ ಹತ್ತು ಗಂಟೆಯ ಮೇಲೆ ಬಂಡೆಯಿಂದ ಏಳುವ ಝಳಕ್ಕೆ ದುರ್ಬೀನಿನಲ್ಲಿ ಎಲ್ಲಾ ನೀರಿನಲ್ಲಿ ಅಲ್ಲಾಡಿದ ಹಾಗೆ ಕಾಣುತ್ತದೆ. ಎಷ್ಟು ದುಡ್ಡಿನ ಲೆನ್ಸ್ ಇದ್ದರೂ ಅಷ್ಟೇ.

ಬಂಡೆ ಹುಡುಕುವುದು

ಪಡುವಣ ಘಟ್ಟದ ಹಾಗೆ ನೆಟ್ಟಗಿನ ಕಲ್ಲಿನ ಗೋಡೆ ನಮ್ಮಲ್ಲಿ ಕಮ್ಮಿ. ಇಲ್ಲಿರುವುದು ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಗುಡ್ಡ. ಹಾಗಾಗಿ ನೂರು ಗುಡ್ಡದಲ್ಲಿ ತೊಂಬತ್ತು ಈ ಹಕ್ಕಿಗೆ ಬೇಡ. ಅದಕ್ಕೆ ಬೇಕಾದದ್ದು ಮೂರೇ: ನರಿ, ಕಾಡುಬೆಕ್ಕು, ಮನುಷ್ಯ ಹತ್ತಲಾಗದ ನೆಟ್ಟನೆಯ ಬಂಡೆ, ಅದರ ಮೈಯಲ್ಲಿ ಒಳಕ್ಕೆ ಸರಿದ ಒಂದು ಜಾಗ, ಎದುರಿಗೆ ತೆರೆದ ಬಯಲು. ಹಳೆಯ ಮನೆಯ ಗೋಡೆಯಲ್ಲಿ ದೀಪ ಇಡುವ ಮಾಡ ಇರುತ್ತದಲ್ಲ, ಅದೇ ಥರದ್ದು, ಮೇಲೆ ಸ್ವಲ್ಪ ಚಾಚಿದ ಕಲ್ಲಿನ ನೆರಳು ಇದ್ದರೆ ಇನ್ನೂ ಒಳ್ಳೆಯದು. ನಾನು ಅದನ್ನು ಮಾಡ ಅಂತಲೇ ಬರೆದುಕೊಳ್ಳುತ್ತೇನೆ, ಮುಂದೆ ಇಲ್ಲೂ ಹಾಗೇ ಹೇಳುತ್ತೇನೆ. ಈ ಹಕ್ಕಿ ಕಡ್ಡಿ ತಂದು ಗೂಡು ಕಟ್ಟುವುದೇ ಇಲ್ಲ. ಮಾಡದಲ್ಲಿ ಬಿದ್ದ ಮರಳು, ಕಲ್ಲುಪುಡಿಯಲ್ಲಿ ಎದೆ ಒತ್ತಿ, ಕಾಲಲ್ಲಿ ಕೆರೆದು ತಟ್ಟೆಯಷ್ಟು ಗುಂಡಿ ಮಾಡಿ ಅದರಲ್ಲೇ ಮೊಟ್ಟೆ ಇಡುತ್ತದೆ. ಬಂಡೆಯ ಮೇಲೆ ಕಡ್ಡಿಯ ದೊಡ್ಡ ಗೂಡು ಕಂಡರೆ ಅದು ಬೇರೆ ಹಕ್ಕಿಯದು.

ಮೊದಲು ಫೋನಿನ ಉಪಗ್ರಹ ನಕ್ಷೆಯಲ್ಲಿ ಗುಡ್ಡಗಳ ನೆರಳು ನೋಡಿ. ಬೆಳಗಿನ ಚಿತ್ರದಲ್ಲಿ ದಟ್ಟ ನೆರಳು ಉದ್ದಕ್ಕೆ ಬಿದ್ದಿದ್ದರೆ ಅಲ್ಲಿ ಎತ್ತರದ ಬಂಡೆ ಇದೆ ಅಂತ ಅರ್ಥ. ಆಮೇಲೆ ಬೈಕು ತಗೊಂಡು ಸುತ್ತಿ. ರಸ್ತೆಯಿಂದಲೇ ದುರ್ಬೀನಿನಲ್ಲಿ ಬಿಳಿ ಕಲೆ ಹುಡುಕಿ, ಸುಣ್ಣ ಸುರಿದ ಹಾಗೆ ಬಂಡೆಯ ಮೇಲಿಂದ ಕೆಳಗೆ ಇಳಿದ ಹಿಕ್ಕೆ. ಬಿಳಿ ಕಂಡ ಕೂಡಲೇ ಕುಣಿಯಬೇಡಿ. ಪಾರಿವಾಳ, ಗೂಬೆ, ಹದ್ದು ಎಲ್ಲವೂ ಬಿಳಿ ಮಾಡುತ್ತವೆ. ಪಾರಿವಾಳದ್ದು ಇಡೀ ಬಂಡೆಯ ಮೇಲೆ ಹರಡಿ ಬೂದಿಬೂದಿಯಾಗಿರುತ್ತದೆ. ಡೇಗೆಯದು ಒಂದೆರಡು ಕಡೆ ಮಾತ್ರ, ಕೂರುವ ತುದಿಯ ಕೆಳಗೆ, ಎದ್ದು ಕಾಣುವ ಗೆರೆ. ರಾತ್ರಿ ಕೊಂಬುಗೂಬೆ ಕೂಗುವ ಬಂಡೆಯಲ್ಲಿ ಡೇಗೆ ಸಂಸಾರ ಹೂಡುವುದು ಕಷ್ಟ, ಅದು ಮರಿ ಎತ್ತಿಕೊಂಡು ಹೋಗುತ್ತದೆ.

ಇನ್ನೊಂದು ಗುರುತು ಕೆಳಗೆ ಬಿದ್ದಿರುವ ಗರಿ. ಬೇಟೆ ತಂದ ಮೇಲೆ ಇದು ಗರಿ ಕಿತ್ತೇ ತಿನ್ನುತ್ತದೆ. ಪಾರಿವಾಳದ ಎರಡು ರೆಕ್ಕೆ ಎದೆಮೂಳೆಗೆ ಅಂಟಿಕೊಂಡೇ ಉಳಿದು, ಮಾಂಸವೆಲ್ಲ ಖಾಲಿಯಾಗಿ, ಎದೆಮೂಳೆಯ ಅಂಚಿನಲ್ಲಿ ಕಚ್ಚಿದ ಸಣ್ಣ ಸಣ್ಣ ಕಚ್ಚು ಇದ್ದರೆ ಅದು ಡೇಗೆಯ ಊಟ. ಬೆಕ್ಕು, ನರಿ ತಿಂದಿದ್ದರೆ ರೆಕ್ಕೆಯ ಬುಡವನ್ನೇ ಅಗಿದು ಹಾಕಿರುತ್ತವೆ.

ಆದರೆ ಇದೆಲ್ಲಕ್ಕಿಂತ ನನಗೆ ಜಾಸ್ತಿ ಉಪಯೋಗವಾದದ್ದು ಕುರಿಗಾರರು. ಮೂರನೇ ವರ್ಷ ಇಡೀ ಜನವರಿ ಹಳೆಯ ಮಾಡವನ್ನೇ ನೋಡುತ್ತಾ ಕೂತಿದ್ದೆ, ಏನೂ ಇಲ್ಲ. ಒಬ್ಬ ಯಜಮಾನರು ಕುರಿ ಬಿಟ್ಟುಕೊಂಡು ಬಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

“ಏನ್ ನೋಡಾಕತ್ತಿ ತಮ್ಮಾ, ಹೊತ್ತಾರಿಂದ?”

“ಪಾರಿವಾಳ ಹೊಡಿಯೂ ಗಿಡುಗ ಕಾಕಾ.”

“ಅದಾ? ಅದು ಈ ವರ್ಷ ಆ ಕಲ್ಲು ಬಿಟ್ಟೈತಿ. ಹಿಂದ್ಲ ಮಗ್ಗಲಕ ಹೋಗು, ಆಲದ ಗಿಡದ ಎದುರಿಗೆ.”

ಹೋದೆ, ಅಲ್ಲೇ ಇತ್ತು. ಈ ಹಕ್ಕಿಗಳು ಅದೇ ಗುಡ್ಡಕ್ಕೆ ವರ್ಷ ವರ್ಷ ಬರುತ್ತವೆ, ಆದರೆ ಮಾಡ ಬದಲಿಸುತ್ತಿರುತ್ತವೆ. ಪುಸ್ತಕದಲ್ಲಿ ಓದಿದ್ದೆ, ಆದರೂ ಹೊಳೆದಿರಲಿಲ್ಲ ನೋಡಿ.

ಎಲ್ಲಿ ಕೂರಬೇಕು

ಇಲ್ಲಿ ನಿಧಾನಕ್ಕೆ ಓದಿ, ಇಡೀ ವಿಷಯ ನಿಂತಿರುವುದು ಇದರ ಮೇಲೆ.

ನನ್ನ ಲೆಕ್ಕ ಹೀಗಿದೆ. ಮಾಡದಿಂದ ಕಮ್ಮಿ ಅಂದರೂ 300 ಮೀಟರ್. ಅದಕ್ಕಿಂತ ಕೆಳಗಿನ ಮಟ್ಟದಲ್ಲಿ. ಎದುರಿಗೆ ನೇರ ಅಲ್ಲ, ಸ್ವಲ್ಪ ಓರೆಯಾಗಿ. ಮಾಡದ ಮೇಲುಗಡೆ ಯಾವತ್ತೂ ಹೋಗಬಾರದು. ಕೆಳಗೆ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತದೆ, ಹೆಂಗಸರು ಹಾಡು ಹೇಳಿಕೊಂಡು ಕಳೆ ತೆಗೆಯುತ್ತಾರೆ, ಹಕ್ಕಿ ಕಣ್ಣೆತ್ತಿಯೂ ನೋಡುವುದಿಲ್ಲ. ಅದೇ ಒಬ್ಬನೇ ಒಬ್ಬ ಮನುಷ್ಯ ತಲೆಯ ಮೇಲಿನ ಬಂಡೆಯಲ್ಲಿ ಕಾಣಿಸಿದರೆ ಸಾಕು, ಎದ್ದು ಕೂಗುವುದಕ್ಕೆ ಶುರು ಮಾಡುತ್ತದೆ. ಅದರ ಶತ್ರು ಯಾವಾಗಲೂ ಮೇಲಿಂದ ಬರುವವನು.

ಈಗ ಆ ಕಥೆ. ಮೊದಲ ವರ್ಷ, ಫೆಬ್ರುವರಿ ಕೊನೆ. ಕೆಳಗಿಂದ ಕಾಣುವುದು ಬರೀ ತಲೆ, ಫೋಟೋ ಬರುತ್ತಿಲ್ಲ ಅಂತ ಹಿಂದಿನಿಂದ ಬಂಡೆ ಹತ್ತಿದೆ. ಮೇಲೆ ಬಂದು ಬಗ್ಗಿದ್ದೇ ತಡ, ಹೆಣ್ಣು ಹೊರಗೆ ಹಾರಿತು. ಕಕ್ ಕಕ್ ಕಕ್ ಕಕ್ ಅಂತ ನಿಲ್ಲಿಸದೆ ಕೂಗುತ್ತಾ ನನ್ನ ಸುತ್ತ ತಿರುಗಿತು. ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಿಂದ ಕ್ಲಿಕ್ಕಿಸುತ್ತಾ ನಿಂತೆ. ನಲವತ್ತು ನಿಮಿಷ. ಬಿಸಿಲು ನೇರ ಮಾಡದೊಳಗೆ ಬೀಳುತ್ತಿತ್ತು. ತಂಪು ದೇಶಗಳಲ್ಲಿ ಮೊಟ್ಟೆ ತಣ್ಣಗಾಗಿ ಸಾಯುತ್ತದೆ ಅಂತ ಬರೆಯುತ್ತಾರೆ, ನಮ್ಮಲ್ಲಿ ಉಲ್ಟಾ, ಹತ್ತು ಗಂಟೆಯ ಕಲ್ಲಿನ ಮೇಲೆ ಮೊಟ್ಟೆ ಬೇಯುತ್ತದೆ. ತಾಯಿ ಕೂರುವುದು ಕಾವಿಗೆ ಎಷ್ಟೋ ನೆರಳಿಗೂ ಅಷ್ಟೇ. ಎರಡು ವಾರ ಬಿಟ್ಟು ಹೋದಾಗ ಮಾಡ ಖಾಲಿ. ನನ್ನಿಂದಲೇ ಆಯಿತು ಅಂತ ಪ್ರಮಾಣ ಮಾಡಿ ಹೇಳಲಾರೆ, ಆದರೆ ಇನ್ಯಾರ ಮೇಲೆ ಹಾಕಲಿ? ಆ ಫೋಟೋಗಳು ಚೆನ್ನಾಗಿ ಬಂದಿದ್ದವು. ಅಳಿಸಿಹಾಕಿದೆ.

ಹಾಗಾಗಿ ನಿಯಮ ಇದು. ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಕಕ್ ಕಕ್ ಶುರು ಮಾಡಿದರೆ ನೀವು ಹತ್ತಿರ ಬಂದಿದ್ದೀರಿ, ಎದ್ದು ಹಿಂದೆ ಹೋಗಿ. ಕಾವಿನಿಂದ ಎದ್ದು ಹೋದರೆ ಆ ದಿನದ ಕೆಲಸ ಮುಗಿಯಿತು, ಸಾಮಾನು ಕಟ್ಟಿ ಮನೆಗೆ ನಡೆಯಿರಿ. ಅದು ರೆಕ್ಕೆ ಕೊಡವಿ, ಒಂದು ಕಾಲು ಮಡಚಿ, ನಿಮಗೆ ಬೆನ್ನು ತಿರುಗಿಸಿ ಕೂತಿತು ಅಂದರೆ ಜಾಗ ಸರಿಯಾಗಿದೆ.

ಬೆಳಕಿನ ಲೆಕ್ಕ ಸುಲಭ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಅಂದರೆ ಬಂಡೆಯ ಮುಖ ಪೂರ್ವಕ್ಕಿದ್ದರೆ ಅನುಕೂಲ. ಪಶ್ಚಿಮಕ್ಕಿದ್ದರೆ ಸಂಜೆ ನಾಲ್ಕರ ಮೇಲೆ ಹೋಗಿ.

ಕೂರುವ ಜಾಗವನ್ನೂ ಒಮ್ಮೆ ನೋಡಿ. ಈ ಗುಡ್ಡಗಳಲ್ಲಿ ಕರಡಿ ಇದೆ, ಚಿರತೆ ಇದೆ. ಕತ್ತಲಲ್ಲಿ ಗುಹೆ, ಪೊಟರೆ ಇರುವ ಕಡೆಯಿಂದ ನಡೆದು ಬರಬೇಡಿ, ಹೊಲದ ದಾರಿಯಲ್ಲೇ ಬನ್ನಿ, ಇಬ್ಬರಿದ್ದರೆ ಒಳ್ಳೆಯದು. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಮಂಡಲದ ಹಾವು ಇರುತ್ತದೆ. ನೆತ್ತಿಯ ಮೇಲೆ ಹೆಜ್ಜೇನಿನ ಹುಟ್ಟು ಇದೆಯಾ ಅಂತ ನೋಡಿ, ಇದ್ದರೆ ಸೆಂಟು, ಬೀಡಿ ಹೊಗೆ ಎರಡೂ ಬೇಡ.

ಏನು ಒಯ್ಯಬೇಕು

8×42 ಅಥವಾ 10×42 ದುರ್ಬೀನು ಸಾಕು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ). ನನ್ನ ಓಟು 8ಕ್ಕೆ, ಕೈ ನಡುಕ ಕಮ್ಮಿ ಕಾಣುತ್ತದೆ, ಹಾರುವ ಹಕ್ಕಿ ಬೇಗ ಸಿಗುತ್ತದೆ. ಗೂಡಿನೊಳಗಿನ ಮರಿ ಎಣಿಸಬೇಕು ಅಂದರೆ 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನಲ್ಲಿ ನೋಡುವ ದೂರದರ್ಶಕ ಬೇಕು, ಅದು ದುಬಾರಿ, ನಾಲ್ಕು ಜನ ಸೇರಿ ಒಂದು ತಗೊಳ್ಳಿ. ಟ್ರೈಪಾಡಿನ ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ ಕಟ್ಟಿ, ಬಯಲು ಗಾಳಿಗೆ ಅಲ್ಲಾಡುವುದಿಲ್ಲ. ಮಣ್ಣಿನ ಬಣ್ಣದ ಅಂಗಿ, ಟೋಪಿ, ಎರಡು ಲೀಟರ್ ನೀರು. ಕೂರುವುದಕ್ಕೆ ಗೊಬ್ಬರದ ಖಾಲಿ ಚೀಲ. ತಿನ್ನಲು ರೊಟ್ಟಿ, ಶೇಂಗಾ ಚಟ್ನಿ. ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಹೋಗಬೇಡಿ, ಕೋತಿಗಳು ಬಂದವು ಅಂದರೆ ಹಕ್ಕಿ ನೋಡುವುದು ಅಲ್ಲಿಗೇ ಬಂದ್.

ಕೂತ ಮೇಲೆ ಏನು ನೋಡಬೇಕು

ಒಂದು ನೋಟುಬುಕ್ಕು, ಒಂದು ಗಡಿಯಾರ. ಪ್ರತಿ ಘಟನೆಗೂ ಹೊತ್ತು ಬರೆಯಿರಿ. ಏನೂ ನಡೆಯದಿದ್ದರೆ ಹತ್ತು ನಿಮಿಷಕ್ಕೊಮ್ಮೆ ‘ಹಾಗೇ ಇದೆ’ ಅಂತ ಬರೆಯಿರಿ. ನನ್ನ ಪುಸ್ತಕದ ಒಂದು ಬೆಳಗ್ಗೆ, ಮಾರ್ಚಿನದು, ಹಾಗೇ ಇಳಿಸುತ್ತೇನೆ:

6.35. ಹೆಣ್ಣು ಮಾಡದಲ್ಲಿ. ತಲೆ ಮಾತ್ರ ಕಾಣುತ್ತದೆ.
7.10. ಬಲಗಡೆಯಿಂದ ಗಂಡಿನ ಕೂಗು. ಕಾಲಲ್ಲಿ ಏನೋ ಹಸಿರು. ಗಿಳಿ.
7.11. ಹೆಣ್ಣು ಎದ್ದು ಹೊರಗೆ. ಗಾಳಿಯಲ್ಲೇ ಗಿಳಿ ಕೈ ಬದಲಾಯಿತು.
7.14. ಗಂಡು ಮಾಡದೊಳಗೆ ಹೋಗಿ ಕೂತಿತು.
7.52. ಹೆಣ್ಣು ವಾಪಸ್. ಕೊಕ್ಕನ್ನು ಬಂಡೆಗೆ ಎರಡು ಬದಿ ಉಜ್ಜಿತು. ಗಂಡು ಏಳಲು ಒಪ್ಪಲಿಲ್ಲ. ಹೆಣ್ಣು ಮೈಗೆ ಮೈ ತಾಗಿಸಿ ನಿಂತಿತು. ಗಂಡು ಎದ್ದಿತು.

ಈ ಐದು ಸಾಲಿನಲ್ಲಿ ಎಷ್ಟಿದೆ ನೋಡಿ. ಬೇಟೆ ಗಂಡಿನ ಕೆಲಸ. ಕಾವಿನ ಹೆಚ್ಚು ಪಾಲು ಹೆಣ್ಣಿನದು, ರಾತ್ರಿ ಪೂರ್ತಿ ಅವಳೇ, ಹಗಲಲ್ಲಿ ಊಟದ ಹೊತ್ತಿಗೆ ಅವನ ಪಾಳಿ. ಗಾಳಿಯಲ್ಲಿ ಬೇಟೆ ದಾಟಿಸುವುದು ಒಂದೇ ಕ್ಷಣದ ಆಟ, ಗಂಡು ಬಿಡುತ್ತದೆ, ಹೆಣ್ಣು ಕೆಳಗಿಂದ ಉಲ್ಟಾ ಮಲಗಿದ ಹಾಗೆ ತಿರುಗಿ ಕಾಲಲ್ಲಿ ಹಿಡಿಯುತ್ತದೆ. ಕಣ್ಣು ಮಿಟುಕಿಸಿದರೆ ಹೋಯಿತು. ಅದಕ್ಕೇ ಕಿವಿ ತೆರೆದಿಡಿ ಅನ್ನುವುದು. ಗಂಡು ಬರುವ ಮೊದಲು ಕೂಗಿಯೇ ಬರುತ್ತದೆ.

ಮೂರು ಕೂಗು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಕಕ್ ಕಕ್ ಕಕ್ ಅಂತ ಒರಟಾಗಿ, ವೇಗವಾಗಿ ಬಂದರೆ ಸಿಟ್ಟು, ಎಚ್ಚರಿಕೆ. ಜೋಡಿ ಹತ್ತಿರ ಹತ್ತಿರ ಬಂದಾಗ ಈ-ಚಪ್ ಈ-ಚಪ್ ಅಂತ ಸಣ್ಣ ದನಿ, ಇಬ್ಬರೂ ತಲೆ ಬಗ್ಗಿಸಿ ನಮಸ್ಕಾರ ಮಾಡಿದ ಹಾಗೆ ನಿಲ್ಲುತ್ತಾರೆ. ಮೂರನೆಯದು ಎಳೆದ, ಅಳುವ ಥರದ ದನಿ, ಹಸಿದ ಹೆಣ್ಣು ಗಂಡನ್ನು ಕೇಳುವಾಗ, ಮುಂದೆ ಮರಿಗಳು ಕೇಳುವಾಗ.

ಮರಿ ಒಡೆದಿದೆ ಅಂತ ಹೇಗೆ ಗೊತ್ತಾಗುತ್ತದೆ, ಕೆಳಗಿಂದ ಏನೂ ಕಾಣುವುದಿಲ್ಲವಲ್ಲ? ಹೆಣ್ಣು ಕೂರುವ ರೀತಿ ಬದಲಾಗುತ್ತದೆ. ನೆಲಕ್ಕೆ ಅಂಟಿಕೊಂಡಿದ್ದವಳು ಸ್ವಲ್ಪ ಎತ್ತರಕ್ಕೆ, ರೆಕ್ಕೆ ಸಡಿಲ ಬಿಟ್ಟು, ಕೊಡೆ ಹಿಡಿದ ಹಾಗೆ ಕೂರುತ್ತಾಳೆ. ಬೇಟೆಯನ್ನು ಹೊರಗೆ ತಿನ್ನದೆ ಮಾಡದೊಳಗೆ ಒಯ್ಯುತ್ತಾಳೆ, ಕತ್ತು ಬಗ್ಗಿಸಿ, ಎತ್ತಿ, ಬಗ್ಗಿಸಿ, ಚೂರು ಚೂರು ತಿನ್ನಿಸುತ್ತಿರುವುದು ಬೆನ್ನಿನ ಅಲುಗಾಟದಿಂದಲೇ ಗೊತ್ತಾಗುತ್ತದೆ.

ನಲವತ್ತು ದಿನ ದಾಟಿದರೂ ಕೂತೇ ಇದ್ದರೆ ಆ ಮೊಟ್ಟೆಗಳು ಒಡೆಯುವುದಿಲ್ಲ ಅಂತ ಬರೆದುಕೊಳ್ಳಿ. ಇದು ಬೇಸರದ ಸಾಲು, ಆದರೆ ಬಿಡಬೇಡಿ. ಬ್ರಿಟನ್ನಿನಲ್ಲಿ ಡೆರೆಕ್ ರಾಟ್‌ಕ್ಲಿಫ್ ಅನ್ನುವವರು 1967ರಲ್ಲಿ ಈ ಹಕ್ಕಿಯ ಮೊಟ್ಟೆಯ ಚಿಪ್ಪು ತೆಳ್ಳಗಾಗಿದೆ ಅಂತ ತೋರಿಸಿದ್ದು ಹಳೆಯ ಮೊಟ್ಟೆಗಳನ್ನು ತೂಗಿ, ಅಳೆದು, ಹೊಸವುಗಳ ಜೊತೆ ಹೋಲಿಸಿ. ಅದಕ್ಕೆ ಕಾರಣ ಡಿಡಿಟಿ ಅನ್ನುವ ಕೀಟನಾಶಕ. ನಮ್ಮ ದೇಶದಲ್ಲಿ 1989ರಿಂದ ಹೊಲಕ್ಕೆ ಡಿಡಿಟಿ ಹಾಕುವಂತಿಲ್ಲ, ಆದರೆ ನಮ್ಮ ಭತ್ತದ ಗದ್ದೆಗೆ ಬೀಳುವ ಔಷಧಿಗೆ ಲೆಕ್ಕ ಇದೆಯೇ. ಆ ಗದ್ದೆಯ ಹಕ್ಕಿಗಳನ್ನೇ ಈ ಡೇಗೆ ತಿನ್ನುವುದು.

ಮರಿಗಳ ವಯಸ್ಸು

ಎರಡು ವಾರದ ತನಕ ಬಿಳಿ ಅರಳೆ ಉಂಡೆ. ಮೂರನೇ ವಾರ ರೆಕ್ಕೆಯ ಅಂಚಿನಲ್ಲಿ ಕಪ್ಪು ಗರಿ ಮೊಳೆಯುತ್ತದೆ. ಐದನೇ ವಾರಕ್ಕೆ ಮೈಯೆಲ್ಲ ಕಂದು, ಅಲ್ಲಲ್ಲಿ ಅರಳೆ ಅಂಟಿಕೊಂಡಿರುತ್ತದೆ, ಹರಿದ ಹಾಸಿಗೆಯಿಂದ ಎದ್ದು ಬಂದವರ ಹಾಗೆ. ಎದೆಯ ಮೇಲೆ ಉದ್ದುದ್ದ ಗೆರೆ. ಆಮೇಲೆ ಮಾಡದ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಾ ನಿಲ್ಲುತ್ತವೆ. ಈ ಹೊತ್ತಿನಲ್ಲಿ ಗದ್ದಲವಾದರೆ ಹೆದರಿ ಹಾರಲು ಬಾರದೆ ಬೀಳುತ್ತವೆ. ಹಾಗಾಗಿ ನಾನು ಐದನೇ ವಾರದಿಂದ ಮೊದಲ ಹಾರಾಟದ ತನಕ ಇನ್ನೂ ನೂರು ಮೀಟರ್ ಹಿಂದಕ್ಕೆ ಕೂರುತ್ತೇನೆ.

ಹಾರಿದ ಮೇಲಿನ ಎರಡು ವಾರ ಮಾತ್ರ ಹಬ್ಬ. ಗಂಡು ಬೇಟೆ ತಂದು ಮರಿಗಳ ಮುಂದೆ ಗಾಳಿಯಲ್ಲಿ ಬಿಡುತ್ತದೆ, ಮೂವರೂ ಒಟ್ಟಿಗೆ ಹಾರಿ ಮೂವರೂ ತಪ್ಪಿಸುತ್ತಾರೆ, ಬೇಟೆ ಗದ್ದೆಗೆ ಬೀಳುತ್ತದೆ, ಬೀದಿನಾಯಿಗೆ ಊಟ.

ಕಲಿಯುವ ಮರಿ ಕೆಳಗೆ ಬಂಡೆಯ ಮೇಲೋ ನೆಲದ ಮೇಲೋ ಕೂತಿದ್ದರೆ ಎತ್ತಿಕೊಳ್ಳಬೇಡಿ. ಅಪ್ಪ ಅಮ್ಮ ನೋಡುತ್ತಿರುತ್ತವೆ, ನೀವು ದೂರ ಹೋದ ಕೂಡಲೇ ಊಟ ಬರುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಇದ್ದರೆ, ನಾಯಿ ಸುತ್ತುತ್ತಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಬರುವ ತನಕ ಗಾಳಿ ಆಡುವ ರಟ್ಟಿನ ಡಬ್ಬ ಮುಚ್ಚಿಡಿ. ನೀರು ಬಾಯಿಗೆ ಹಾಕಬೇಡಿ, ಅನ್ನ ತಿನ್ನಿಸಬೇಡಿ, ಸೆಲ್ಫಿ ಬೇಡ.

ಯಾರಿಗೆ ಹೇಳಬೇಕು, ಯಾವಾಗ

ಫೋಟೋ ಹಾಕುವ ಮುಂಚೆ ಅದರೊಳಗಿನ ಲೊಕೇಶನ್ ಅಳಿಸಿ. ಹಿಂದೆ ಗುರುತು ಸಿಗುವ ದೇವಸ್ಥಾನ, ಗೋಪುರ ಇದ್ದರೆ ಕತ್ತರಿಸಿ. ಹಕ್ಕಿ ದಾಖಲೆಯ ಆ್ಯಪಿಗೆ ಮರಿ ಹಾರಿಹೋದ ಮೇಲೆ ಹಾಕಿ, ತಾಲೂಕಿನ ಮಟ್ಟಕ್ಕೆ ಸಾಕು. ಇಬ್ಬರಿಗೆ ಮಾತ್ರ ಖಂಡಿತ ಹೇಳಿ: ಅರಣ್ಯದ ಗಾರ್ಡು, ಗುಡ್ಡದ ಕೆಳಗಿನ ಹೊಲದವರು. ಬಂಡೆ ಹತ್ತುವ ಹುಡುಗರು ಆನೆಗುಂದಿ, ಸಾಣಾಪುರದ ಕಡೆ ಚಳಿಗಾಲದಲ್ಲಿ ತುಂಬಾ ಬರುತ್ತಾರೆ, ಸರಿಯಾಗಿ ಹಕ್ಕಿ ಜೋಡಿ ಕಟ್ಟುವ ಹೊತ್ತಿಗೆ. ಅವರ ಜೊತೆ ಜಗಳ ಆಡಬೇಡಿ. ಒಮ್ಮೆ ದುರ್ಬೀನು ಕೊಟ್ಟು ತೋರಿಸಿ, ‘ಏಪ್ರಿಲ್ ಮುಗಿಯೋ ತನಕ ಆ ಬಂಡೆ ಬಿಟ್ಟು ಬೇರೆ ಯಾವುದಾದರೂ ಹತ್ತಿ’ ಅನ್ನಿ. ನನಗೆ ಸಿಕ್ಕವರು ಕೇಳಿದ್ದಾರೆ. ಕಲ್ಲು ಒಡೆಯುವ ಕ್ವಾರಿ ಬಂದರೆ ಮಾತ್ರ ನಿಮ್ಮ ಮಾತು ಸಾಲುವುದಿಲ್ಲ, ಆಗ ದಿನಾಂಕ, ಹೊತ್ತು ಬರೆದ ನೋಟುಬುಕ್ಕು ಇಲಾಖೆಯ ಮೇಜಿನ ಮೇಲೆ ಇಡಬೇಕು. ಬರೆದಿಟ್ಟುಕೊಳ್ಳಿ ಅಂತ ಅಷ್ಟು ಹೇಳಿದ್ದು ಅದಕ್ಕೇ.

ಕೊನೆಯ ಸುತ್ತು

ಜುಲೈಯಲ್ಲಿ, ಮರಿಗಳು ಚದುರಿ ಹೋದ ಮೇಲೆ, ನಾನು ವರ್ಷಕ್ಕೊಮ್ಮೆ ಬಂಡೆಯ ಬುಡಕ್ಕೆ ಹೋಗುತ್ತೇನೆ. ಅಷ್ಟರಲ್ಲಿ ಮಳೆ ಬಂದು ಬಿಳಿ ಗೆರೆ ಅರ್ಧ ತೊಳೆದಿರುತ್ತದೆ. ಬಿದ್ದಿರುವ ರೆಕ್ಕೆ, ಕಾಲು, ಕೊಕ್ಕು ಎಣಿಸಿ ಏನೇನು ತಿಂದಿವೆ ಅಂತ ಪಟ್ಟಿ ಮಾಡುತ್ತೇನೆ. ಡೇಗೆಯದೇ ಗರಿ ಸಿಕ್ಕರೆ ಫೋಟೋ ತೆಗೆದು ಅಲ್ಲೇ ಬಿಡಿ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಹೋದ ವರ್ಷದ ಪಟ್ಟಿಯಲ್ಲಿ ಪಾರಿವಾಳವೇ ಜಾಸ್ತಿ, ಆಮೇಲೆ ಗಿಳಿ, ಒಂದು ಬಾವಲಿ. ಒಂದು ಪಾರಿವಾಳದ ಕಾಲಿನಲ್ಲಿ ನೀಲಿ ಪ್ಲಾಸ್ಟಿಕ್ ಬಳೆ ಇತ್ತು, ಸಾಕಿದವರು ಹಾಕಿದ್ದು. ಯಾವುದೋ ಊರಿನಲ್ಲಿ ಯಾರೋ ಇನ್ನೂ ಸಂಜೆ ಮಾಳಿಗೆಯ ಮೇಲೆ ನಿಂತು, ಆಕಾಶ ನೋಡುತ್ತಾ ಸೀಟಿ ಹೊಡೆಯುತ್ತಿರಬೇಕು.